ಅಳಿಯನ ಕ್ಲಾನ್ ವಾರ್

ಕಳೆದ ತಿಂಗಳು ಕಬಕದ ಅಕ್ಕನ ಮನೆಗೆ ಹೋಗಿದ್ದೆ. ಚಹಾ ಕೊಡುವ ಮೊದಲೇ ಅಕ್ಕ ಮೊಬೈಲ್ ಕೈಗಿತ್ತಳು. "ನೀನು ಕಂಪ್ಯೂಟರ್ ಕಲಿತವ ಅಲ್ವಾ? ಇವ ಆಡುವ ಈ ಗೇಮ್ ಆಗ್ತದಾ, ಇಲ್ವಾ, ನೋಡಿ ಹೇಳು." ಅಳಿಯನಿಗೆ ಹದಿಮೂರು, ಎಂಟನೇ ಕ್ಲಾಸು. ಗೇಮ್, ಕ್ಲ್ಯಾಶ್ ಆಫ್ ಕ್ಲಾನ್ಸ್.

ಫಿನ್ಲೆಂಡಿನ ಸೂಪರ್‌ಸೆಲ್ ಕಂಪನಿ 2012ರಲ್ಲಿ ಬಿಟ್ಟ ಗೇಮ್ ಇದು. ಇಂಜಿನಿಯರಿಂಗ್ ಓದುವಾಗ ನಮ್ಮ ಹಾಸ್ಟೆಲಿನಲ್ಲಿ ಎಲ್ಲರೂ ಆಡ್ತಿದ್ದರು, ನಾನೂ. "ತೊಂದ್ರೆ ಇಲ್ಲ ಅಕ್ಕ" ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಹತ್ತೊಂಬತ್ತರ ನಾನು ಬೇರೆ, ಹದಿಮೂರರ ಅವನು ಬೇರೆ. ಹೇಗೂ ವರ್ಕ್ ಫ್ರಮ್ ಹೋಮ್ ಇತ್ತು, ಹತ್ತು ದಿನ ಅವನ ಪಕ್ಕದಲ್ಲೇ ಕೂತು ಆಡಿದೆ.

ಅಕ್ಕನ ಹೆದರಿಕೆ ಇದ್ದದ್ದು ಮಾಟಗಾತಿ, ಅಸ್ಥಿಪಂಜರ, ಡ್ರ್ಯಾಗನ್ ನೋಡಿ. ರಕ್ತ ಅಂತ ಒಂದು ಹನಿ ಇಲ್ಲ. ಸತ್ತವರ ಜಾಗದಲ್ಲಿ ಒಂದು ಪುಟ್ಟ ಗೋರಿಕಲ್ಲು ಏಳ್ತದೆ, ಅದನ್ನು ಒತ್ತಿದರೆ ಸ್ವಲ್ಪ ಇಲಿಕ್ಸರ್ ಸಿಗ್ತದೆ, ಅಷ್ಟೇ. ಆಟದ ಗದ್ದೆಯಲ್ಲಿ ಬಣ್ಣದ ವೇಷದ ಅಬ್ಬರಕ್ಕೆ ನಿದ್ದೆಯಿಂದ ಎದ್ದು ಅಮ್ಮನ ಸೆರಗು ಹಿಡಿದ ಮಕ್ಕಳು ನಾವು. ಇದಕ್ಕೆಲ್ಲ ಹೆದರಬೇಕಾ? ಮೋರ್ಟಾರ್ ಆಕಾಶಕ್ಕೆ ಹೊಡೆಯುದಿಲ್ಲ, ಏರ್ ಡಿಫೆನ್ಸನ್ನು ಮೊದಲು ಒಡೆದರೆ ಡ್ರ್ಯಾಗನಿಗೆ ಅರ್ಧ ಕೆಲಸ ಮುಗೀತು ಅಂತ ಅವನೇ ನನಗೆ ಪಾಠ ಮಾಡಿದ. ತಲೆ ಚೆನ್ನಾಗಿ ಓಡ್ತದೆ ಹುಡುಗನಿಗೆ.

ನನ್ನ ಚಿಂತೆ ಗಡಿಯಾರದ್ದು. ಒಂದು ಕಟ್ಟಡ ಮೇಲಿನ ಲೆವೆಲ್‌ಗೆ ಹೋಗಲು ಮೊದಲು ನಿಮಿಷ, ಆಮೇಲೆ ಗಂಟೆ, ಆಮೇಲೆ ದಿನಗಟ್ಟಲೆ. ಕಾಯಲಿಕ್ಕೆ ಆಗದವರಿಗೆ ಜೆಮ್ ಉಂಟು, ಜೆಮ್ಮನ್ನು ದುಡ್ಡು ಕೊಟ್ಟೂ ತಗೊಳ್ಳಬಹುದು. ಕ್ಲಾನ್ ವಾರ್ ಆದರೆ ತಯಾರಿಗೆ 23 ಗಂಟೆ, ಯುದ್ಧಕ್ಕೆ 24 ಗಂಟೆ, ಒಬ್ಬೊಬ್ಬರಿಗೆ ಎರಡೇ ಅಟ್ಯಾಕ್. ಒಂದು ರಾತ್ರಿ ಹನ್ನೊಂದೂವರೆಗೆ ಅವನ ಹೊದಿಕೆಯೊಳಗೆ ಬೆಳಕು. "ಅಟ್ಯಾಕ್ ಮಾಡದಿದ್ರೆ ಕ್ಲಾನಲ್ಲಿ ಬೈತಾರೆ ಮಾವ." ಬೈಯುವವರು ಯಾರು, ಯಾವ ಊರು, ಎಷ್ಟು ವಯಸ್ಸು, ಅವನಿಗೆ ಗೊತ್ತಿಲ್ಲ.

ಗದರಿಸಲು ನನಗೆ ಬಾಯಿ ಬರಲಿಲ್ಲ. ಆಫೀಸಲ್ಲಿ ನಾನು ಮಾಡುವ ಕೆಲಸ ಒಂದು ಶಾಪಿಂಗ್ ಆಪ್‌ನ ನೋಟಿಫಿಕೇಶನ್. ಯಾವ ಹೊತ್ತಿಗೆ ಕಳಿಸಿದರೆ ಜನ ತಡೆಯಲಾಗದೆ ಒತ್ತುತ್ತಾರೆ ಅಂತ ಲೆಕ್ಕ ಹಾಕಿಯೇ ಸಂಬಳ ತಗೊಳ್ಳುವವ ನಾನು. ಇದನ್ನು ಅಕ್ಕನಿಗೂ ಹೇಳಿದೆ. ಅವಳು ಸುಮ್ಮನೆ ನನ್ನ ಮುಖ ನೋಡಿದಳು.

ಕೊನೆಗೆ ಆಡಲಿ ಅಂದೆ. ಸೂಪರ್‌ಸೆಲ್‌ನವರೇ ಇಟ್ಟ ವಯಸ್ಸು 13. ಐದನೇ ಕ್ಲಾಸಿನ ತಂಗಿಗೆ ಮಾತ್ರ ಈಗಲೇ ಬೇಡ, ಅವಳಿಗೆ ದೋಸೆ ಬೇಯುವಷ್ಟು ಹೊತ್ತೂ ಕಾಯಲಿಕ್ಕೆ ಆಗುದಿಲ್ಲ! ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿದೆ, ಅದು ಭಾವನಿಗೆ ಮಾತ್ರ ಗೊತ್ತು. ನೋಟಿಫಿಕೇಶನ್ ಬಂದ್. ರಾತ್ರಿ ಮೊಬೈಲ್ ಅಡುಗೆಮನೆಯಲ್ಲಿ. ಪರೀಕ್ಷೆ ಹತ್ತಿರ ಬಂದಾಗ ಪ್ರೊಫೈಲಿನಲ್ಲಿ ವಾರ್ ಬೇಡ ಅಂತ ಒತ್ತಿಡುವುದು.

ಕ್ಲಾನ್ ಬಿಡಲು ಮಾತ್ರ ಎರಡು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ಕ್ಲಾಸಿನ ನಾಲ್ವರನ್ನು ಸೇರಿಸಿ ಅವನದ್ದೇ ಒಂದು ಕ್ಲಾನ್ ಮಾಡಿದ. ಐವರು ಅವರು, ಆರನೆಯವ ನಾನು.

ಮೊನ್ನೆ ಮೊದಲ ವಾರ್. ಒಬ್ಬನಿಗೆ ಜ್ವರ, ಅವನ ಬದಲು ನಾನು. ಸೋತೆವು. ಸಂಜೆ ಅಕ್ಕನ ನಂಬರಿನಿಂದ ವಾಯ್ಸ್ ಮೆಸೇಜ್: "ಮಾವ, ನಿಮ್ಮ ಎರಡು ಅಟ್ಯಾಕ್ ಎಲ್ಲಿ?"

ನಾನು ಮೀಟಿಂಗಲ್ಲಿದ್ದೆ.