ಹಿಮದ ನೆತ್ತಿಗೆ ಹೊರಡುವ ಮುನ್ನ

ಚಳಿಗಾಲದ ರಜೆ ಬಂತೆಂದರೆ ಉತ್ತರಾಖಂಡದ ಕೇದಾರಕಂಠ ಶಿಖರದ ಕಡೆ ಹೊರಡುವ ಕಾಲೇಜು ಹುಡುಗ ಹುಡುಗಿಯರಲ್ಲಿ ಕನ್ನಡನಾಡಿನವರೂ ಇರುತ್ತಾರೆ. ಉತ್ತರಕಾಶಿ ಜಿಲ್ಲೆಯ ಈ ಶಿಖರದ ಎತ್ತರ ಸುಮಾರು 3,800 ಮೀಟರ್. ಹಗ್ಗ ಬಿಗಿದು ಬಂಡೆ ಏರುವ ವಿದ್ಯೆ ಇಲ್ಲಿ ಬೇಕಿಲ್ಲ. ನಡೆಯಲು ಬಂದರೆ ಸಾಕು ಎನ್ನುತ್ತಾರೆ. ಹಲವರು ಮೋಸ ಹೋಗುವುದು ಈ ಮಾತಿಗೇ.

ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ಕೇದಾರಕಂಠದ ಚಾರಣ ಆರಂಭವಾಗುವ ಸಾಂಕ್ರಿ ಹಳ್ಳಿ ಇರುವುದೇ ಹೆಚ್ಚುಕಡಿಮೆ ಆ ಎತ್ತರದಲ್ಲಿ. ಇಲ್ಲಿನ ಬೆಟ್ಟ ಮುಗಿಯುವಲ್ಲಿ ಅಲ್ಲಿನ ಬೆಟ್ಟ ಶುರುವಾಗುತ್ತದೆ! ಶಿಖರದ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಮೂರನೇ ಒಂದು ಪಾಲಿಗೂ ಹೆಚ್ಚು ಕಡಿಮೆ. ಪ್ರತಿ ಉಸಿರಿನಲ್ಲೂ ಒಳಗೆ ಹೋಗುವ ಆಮ್ಲಜನಕ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಕಾಲಿನ ತಯಾರಿ ಎರಡು ತಿಂಗಳ ಕೆಲಸ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳಿವೆ. ಉಳಿದವರಿಗೆ ನಾಲ್ಕು ಅಂತಸ್ತಿನ ಯಾವುದಾದರೂ ಕಟ್ಟಡವಾದೀತು. ಬೆನ್ನಿಗೆ ಐದಾರು ಕಿಲೋ ಚೀಲ ಹೊತ್ತು ಹತ್ತುವುದರ ಜೊತೆಗೆ ಇಳಿಯುವುದನ್ನೂ ಅಭ್ಯಾಸ ಮಾಡಬೇಕು, ಏಕೆಂದರೆ ತೊಡೆ ಸೋಲುವುದು ಇಳಿಜಾರಿನಲ್ಲಿ. ಹೊಸ ಬೂಟನ್ನು ಊರಲ್ಲೇ ಹಾಕಿ ಪಳಗಿಸಿಕೊಳ್ಳದವರು ಎರಡನೆಯ ದಿನವೇ ಬೊಬ್ಬೆಗಳಿಗೆ ಪಟ್ಟಿ ಸುತ್ತುತ್ತಾ ಕೂರುತ್ತಾರೆ. ಮೈಗೆ ಹತ್ತಿಯ ಬನಿಯನ್ ಬೇಡ. ಅದು ಬೆವರು ಕುಡಿದು ಒದ್ದೆಯಾಗಿಯೇ ಉಳಿದು ಮೈಯ ಶಾಖ ಕದಿಯುತ್ತದೆ. ಬೇಗ ಒಣಗುವ ಒಳಅಂಗಿ, ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ಟು ಇದ್ದರೆ ಸಾಕು. ಬೂಟಿಗೆ ಕಟ್ಟುವ ಮೊಳೆಪಟ್ಟಿ ಸಾಂಕ್ರಿಯಲ್ಲಿ ಬಾಡಿಗೆಗೆ ಸಿಗುತ್ತದೆ. ಕಪ್ಪು ಕನ್ನಡಕ ಮಾತ್ರ ಶೋಕಿಗಲ್ಲ; ಹಿಮದಿಂದ ಚಿಮ್ಮುವ ಬಿಸಿಲು ಕಣ್ಣನ್ನೇ ಸುಡಬಲ್ಲದು.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಕಾಲೇಜಿನ ಓಟದಲ್ಲಿ ಪದಕ ಗೆದ್ದವನಿಗೂ ಎತ್ತರದ ಕಾಯಿಲೆ ಬರಬಹುದು, ಮೆತ್ತಗೆ ನಡೆಯುವ ಅವನ ಗೆಳೆಯನಿಗೆ ಬಾರದೇ ಇರಬಹುದು. ದೇಹದಾರ್ಢ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ವಿರಳ ಗಾಳಿಗೆ ಹೊಂದಿಕೊಳ್ಳಲು ದೇಹ ಕೇಳುವುದು ಸಮಯವನ್ನು. ಆದ್ದರಿಂದಲೇ 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂಬ ನಿಯಮವಿದೆ. ಒಂದು ದಿನ ಉಳಿಸಿ ಅಗ್ಗದಲ್ಲಿ ಶಿಖರ ತೋರಿಸುತ್ತೇವೆ ಎನ್ನುವವರು ಉಳಿಸುವುದು ಈ ಸಮಯವನ್ನೇ.

ಮೊದಲು ತಲೆನೋವು, ಊಟ ಸೇರದಿರುವುದು, ವಾಕರಿಕೆ, ನಿದ್ದೆಗೇಡು. ಇಷ್ಟಕ್ಕೇ ನಿಂತು, ಕಡಿಮೆಯಾಗುವವರೆಗೆ ಮೇಲೇರದಿದ್ದರೆ ಸಾಮಾನ್ಯವಾಗಿ ಗುಣವಾಗುತ್ತದೆ. ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ನೇರ ಗೆರೆಯ ಮೇಲೆ ನಡೆಯಲಾಗದೆ ತೂರಾಡಿದರೆ, ನಡುರಾತ್ರಿಯಾದರೂ ಸರಿ, ಕೂಡಲೇ ಕೆಳಗಿಳಿಸಬೇಕು. ಎತ್ತರದ ಕಾಯಿಲೆಗೆ ಕೊಡುವ ಅಸೆಟಾಜೋಲಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ಚೀಲಕ್ಕೆ ಹಾಕಿಕೊಳ್ಳುವುದು ಸಲ್ಲದು.

ತೊಂದರೆಯೆಂದರೆ ಹುಡುಗರು ತಲೆನೋವನ್ನು ಮುಚ್ಚಿಡುತ್ತಾರೆ. ಗೆಳೆಯರೆದುರು ಮಾನ ಹೋದೀತೆಂಬ ಅಂಜಿಕೆ ಒಂದು. ಅಪ್ಪ ಕೊಟ್ಟ ಸಾವಿರಾರು ರೂಪಾಯಿ ವ್ಯರ್ಥವಾದೀತೆಂಬುದು ಇನ್ನೊಂದು. ಎರಡನೆಯ ಭಯವನ್ನು ಕಳೆಯುವುದು ತಂದೆತಾಯಿಯರ ಕೈಯಲ್ಲೇ ಇದೆ: ಅರ್ಧಕ್ಕೆ ತಿರುಗಿ ಬಂದರೂ ಹಣದ ಮಾತೆತ್ತುವುದಿಲ್ಲವೆಂದು ರೈಲು ಹತ್ತುವ ಮೊದಲೇ ಹೇಳಿಬಿಡಬಹುದು.

ಹಣ ಕಟ್ಟುವ ಮುಂಚೆ ತಂಡದವರನ್ನು ಪಾಲಕರು ಒಂದು ಪ್ರಶ್ನೆ ಕೇಳುವುದೂ ಒಳ್ಳೆಯದು. ಶಿಖರಕ್ಕೆ ಹೊರಡುವ ನಸುಕಿನಲ್ಲಿ ಒಬ್ಬನಿಗೆ ಹುಷಾರಿಲ್ಲವೆಂದರೆ ಅವನ ಜೊತೆ ಕೆಳಗಿಳಿಯುವವರು ಯಾರು? ಇಪ್ಪತ್ತು ಮಂದಿಗೆ ಒಬ್ಬನೇ ಮಾರ್ಗದರ್ಶಿಯಾದರೆ ಈ ಪ್ರಶ್ನೆಗೆ ಉತ್ತರವಿರುವುದಿಲ್ಲ. ಬೇರೆ ತಂಡ ಹುಡುಕುವುದೇ ಸರಿ.