ಹಾಸಿಗೆಗೆ ಬಿಸಿಲು ಬೇಕು

ಸಂಘದ ವಾರ್ಷಿಕ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನನಗೆ ತುಸು ಸಂಕೋಚವೇ ಆಯಿತು. ನುರಿತ ವೈದ್ಯರಿರುವ ನಮ್ಮ ಬಳಗದಲ್ಲಿ, ಲೆಕ್ಕಪತ್ರಗಳನ್ನಷ್ಟೇ ಓದಿಕೊಂಡ ಬ್ಯಾಂಕ್ ಅಧಿಕಾರಿಯೊಬ್ಬನು ಆರೋಗ್ಯದ ಬಗೆಗೆ ಹೇಳಬಹುದಾದುದಾದರೂ ಏನು? ಆದರೆ ಗಾಜುವಾಕಕ್ಕೆ ವರ್ಗವಾಗಿ ಬಂದ ಈ ಮೂರು ವರ್ಷಗಳಲ್ಲಿ ನಿದ್ದೆಗೆಟ್ಟು ನಾನು ಕಲಿತ ವಿಷಯವೊಂದಿದೆ. ಹತ್ತಿಯ ಹಾಸಿಗೆಯನ್ನು ಕೊಂಡರೆ ಸಾಲದು. ಅದನ್ನು ಬಿಸಿಲಿಗೆ ಹಾಕಲು ಜಾಗವನ್ನೂ ದೊರಕಿಸಿಕೊಳ್ಳಬೇಕು. ಬಹುಮಹಡಿ ಕಟ್ಟಡಗಳಲ್ಲಿ ಬಾಡಿಗೆಗಿರುವ ನಮ್ಮಂಥವರಿಗೆ ಈ ಎರಡನೆಯದೇ ಹೆಚ್ಚು ಕಷ್ಟದ ಕೆಲಸ.

ನಾನು ಗದಗಿನ ಕಡೆಯವನು. ಹತ್ತಿಯ ಅಂಡಿಗೆಗಳನ್ನು ಹೇರಿದ ಚಕ್ಕಡಿಗಳು ಜಿನ್ನಿಂಗ್ ಕಾರ್ಖಾನೆಯ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ಬಾಲ್ಯದಲ್ಲಿ ಕಂಡವನು. ಸುಗ್ಗಿ ಮುಗಿದ ಮೇಲೆ ಪಿಂಜಾರರು ಹೆಗಲ ಮೇಲೆ ಬಿಲ್ಲನ್ನು ಹೊತ್ತು ನಮ್ಮ ಓಣಿಗೆ ಬರುತ್ತಿದ್ದರು. ಅಂಗಳದಲ್ಲಿ ಹಳೆಯ ಗಾದಿಯನ್ನು ಬಿಚ್ಚಿ, ಗಂಟುಗಟ್ಟಿದ ಅರಳೆಯನ್ನು ಆ ಬಿಲ್ಲಿನ ನರದಿಂದ ಮೀಟಿ ಮೀಟಿ ಹಿಂಜಿದರೆ, ಸಂಜೆಯ ಹೊತ್ತಿಗೆ ಹಿಡಿಯಷ್ಟಿದ್ದುದು ಬುಟ್ಟಿಯಷ್ಟಾಗುತ್ತಿತ್ತು. ಅಂದು ರಾತ್ರಿ ಹೊಸದಾಗಿ ಹಿಂಜಿದ ಗಾದಿಯ ಮೇಲೆ ಮಲಗಲು ಮಕ್ಕಳಲ್ಲಿ ಜಗಳವೇ ಆಗುತ್ತಿತ್ತು. (ಹಳೆಯ ಮೈಸೂರಿನ ಮಿತ್ರರು ‘ಹಾಸಿಗೆ’ ಎನ್ನುವುದನ್ನೇ ನಾವು ‘ಗಾದಿ’ ಎನ್ನುತ್ತೇವೆ. ಸಿಂಹಾಸನಕ್ಕೂ ಅದೇ ಹೆಸರು. ಮಲಗಿದವನಿಗೆ ಅದು ಉಚಿತವಾಗಿಯೇ ಕಾಣುತ್ತದೆ.)

ಗಾಜುವಾಕಕ್ಕೆ ಬರುವಾಗ ನಮ್ಮೊಡನೆ ಬಂದುದು ಆ ಗಾದಿಯಲ್ಲ, ಕಂತಿನ ಮೇಲೆ ಕೊಂಡ ದಪ್ಪನೆಯ ಫೋಮ್ ಹಾಸಿಗೆ. ಒಣ ಹವೆಯ ಗದಗಿನಲ್ಲಿ ರಾತ್ರಿಯ ಗಾಳಿ ತಂಪಾಗಿರುತ್ತದೆಯಾದ್ದರಿಂದ ಅದರ ದೋಷ ಅಲ್ಲಿ ತಿಳಿದಿರಲಿಲ್ಲ. ಇಲ್ಲಿ ಸಮುದ್ರವು ಕೂಗಳತೆಯ ದೂರದಲ್ಲಿದೆ. ಏಪ್ರಿಲ್ ಬಂತೆಂದರೆ ಮಧ್ಯರಾತ್ರಿಯಲ್ಲೂ ಗಾಳಿಯಲ್ಲಿ ನೀರು. ಮಲಗಿದ ಅರ್ಧ ಗಂಟೆಯಲ್ಲಿ ಬೆನ್ನೆಲ್ಲ ಒದ್ದೆ. ಮಗ್ಗುಲು ಬದಲಿಸಿದರೆ ಆ ಮಗ್ಗುಲೂ ಒದ್ದೆ. ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿಯ ಪಾಳಿ ಮುಗಿಸಿ ಹಗಲಿನಲ್ಲಿ ಮಲಗಬೇಕಾದ ನಮ್ಮ ಸದಸ್ಯರ ಅವಸ್ಥೆಯನ್ನಂತೂ ಹೇಳುವುದೇ ಬೇಡ. ದೂರವಾಣಿಯಲ್ಲಿ ಇದನ್ನೆಲ್ಲ ಕೇಳಿದ ನನ್ನ ತಾಯಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: “ಅರಳಿ ಗಾದಿ ಹೊಲಿಸ್ಕೋಪಾ, ನಿದ್ದಿ ತಾನ ಬರತೈತಿ.”

ತಾಯಿಯ ಮಾತಿಗೆ ವಿಜ್ಞಾನದ ಬೆಂಬಲವೂ ಇದೆ. ನಿದ್ರೆ ಹತ್ತುವ ವೇಳೆಗೆ ದೇಹದ ಒಳಗಿನ ಉಷ್ಣತೆ ಇಳಿಯತೊಡಗುತ್ತದೆ. ಹಾಗೆ ಇಳಿಯಬೇಕಾದರೆ ಮೈಯ ಶಾಖ ಚರ್ಮದ ಮೂಲಕ ಹೊರಹೋಗಬೇಕು, ಬೆವರು ಆರಬೇಕು. ಹತ್ತಿಯ ಎಳೆಯು ನೀರಿನ ಆವಿಯನ್ನು ತನ್ನೊಳಕ್ಕೆ ಎಳೆದುಕೊಳ್ಳಬಲ್ಲದು. ಪಾಲಿಯೆಸ್ಟರ್ ಎಳೆಗೆ ಆ ಗುಣ ಇಲ್ಲವೆನ್ನುವಷ್ಟು ಕಡಿಮೆ. ಶೇಕಡಾ 65 ಆರ್ದ್ರತೆಯಿರುವ ಗಾಳಿಯಲ್ಲಿ 100 ಗ್ರಾಂ ಒಣ ಹತ್ತಿಯು ಸುಮಾರು 8.5 ಗ್ರಾಂ ತೇವವನ್ನು ಹಿಡಿದಿಟ್ಟುಕೊಂಡರೆ, ಅಷ್ಟೇ ಪಾಲಿಯೆಸ್ಟರ್ ಹಿಡಿಯುವುದು 0.4 ಗ್ರಾಂ ಮಾತ್ರ. ಜವಳಿ ವ್ಯಾಪಾರದಲ್ಲಿ ಹತ್ತಿಯನ್ನು ತೂಗುವಾಗ ಈ ತೇವದ ಲೆಕ್ಕವನ್ನು ಹಿಡಿಯುವುದುಂಟು.

ಆದುದರಿಂದ ಊರಿನ ದೂದೇಕುಲದ ವೃದ್ಧರೊಬ್ಬರನ್ನು ಹುಡುಕಿ ‘ಪರುಪು’ ಹೊಲಿಸಿದೆವು. ನಮ್ಮ ಕಡೆ ಪಿಂಜಾರರು, ನದಾಫರು ಎನಿಸಿಕೊಂಡವರೇ ಆಂಧ್ರದಲ್ಲಿ ದೂದೇಕುಲದವರು. ಅರಳೆಗೆ ತೆಲುಗಿನಲ್ಲಿ ದೂದಿ ಎಂದು ಹೆಸರು. ಈಗ ಬಿಲ್ಲಿನ ಜಾಗದಲ್ಲಿ ಯಂತ್ರ ಬಂದಿದೆ. ಅಂಗಡಿಯಲ್ಲಿ ಕುಳಿತು ಆ ವೃದ್ಧರು ನನಗೆ ಹೇಳಿಕೊಟ್ಟ ಮೊದಲ ಪಾಠವೆಂದರೆ, ಹೊದಿಕೆಗೆ ಒಳ್ಳೆಯದಾದ ಹತ್ತಿ ಹಾಸಿಗೆಗೆ ಒಳ್ಳೆಯದಲ್ಲ ಎಂಬುದು. 1972ರಲ್ಲಿ ಧಾರವಾಡದಿಂದ ಹೊರಬಂದ ವರಲಕ್ಷ್ಮಿಯಂಥ ತಳಿಯ ನೀಳವಾದ ಎಳೆಯಿಂದ ನವಿರಾದ ನೂಲು ಬರುತ್ತದೆ. ಅದು ನೇಯ್ಗೆಗೆ ಸಲ್ಲತಕ್ಕದ್ದು. ಹಾಸಿಗೆಯಲ್ಲಿ ತುಂಬಲು ಗಿಡ್ಡ ಎಳೆಯ ಒರಟು ದೇಸಿ ಹತ್ತಿಯೇ ಬೇಕು. ಅದು ಒತ್ತಿದರೆ ಮತ್ತೆ ಪುಟಿದೇಳುತ್ತದೆ. ಬೂರುಗದ ಹತ್ತಿಯನ್ನು ತಲೆದಿಂಬಿಗೆ ಬಳಸಬಹುದು. ಅದು ಹಗುರ, ನೀರು ಹಿಡಿಯದು. ಆದರೆ ಹಾಸಿಗೆಯ ಭಾರಕ್ಕೆ ಬೇಗ ಪುಡಿಯಾಗುತ್ತದೆ. ಚಿಂದಿಬಟ್ಟೆಯನ್ನೂ ಗಿರಣಿಯ ಕಸರನ್ನೂ ಹಿಂಜಿ ತುಂಬುವವರೂ ಇದ್ದಾರೆ. ಹೊಲಿಯುವ ಮುನ್ನ ಒಂದು ಹಿಡಿ ಅರಳೆಯನ್ನು ಬೆಳಕಿಗೆ ಹಿಡಿದು ನೋಡಿ, ನೀಲಿ ಕೆಂಪು ಎಳೆಗಳು ಕಂಡರೆ ಆ ಅಂಗಡಿಯಿಂದ ಎದ್ದು ಬನ್ನಿ.

ಬೇಸಿಗೆಯೆಲ್ಲ ಸುಖವಾಗಿ ಕಳೆಯಿತು. ಮಳೆಗಾಲ ಹಿಡಿದ ಒಂದು ತಿಂಗಳಲ್ಲಿ ನನ್ನ ಎಂಟು ವರ್ಷದ ಮಗನಿಗೆ ರಾತ್ರಿ ಎರಡು ಗಂಟೆಯ ಹೊತ್ತಿಗೆ ಕೆಮ್ಮು, ಎದೆಯಲ್ಲಿ ಸುಂಯ್ ಎಂಬ ಸದ್ದು ಆರಂಭವಾದವು. ಅವನನ್ನು ಕೂರಿಸಿಕೊಂಡು ಬೆಳಗು ಮಾಡಿದ ರಾತ್ರಿಗಳನ್ನು ನಾನೂ ನನ್ನ ಪತ್ನಿಯೂ ಮರೆಯಲಾರೆವು. ಮಕ್ಕಳ ವೈದ್ಯರು ಔಷಧ ಬರೆದುಕೊಟ್ಟ ಮೇಲೆ, “ಹಾಸಿಗೆಯನ್ನು ಕೊನೆಯ ಬಾರಿ ಬಿಸಿಲಿಗೆ ಹಾಕಿದ್ದು ಎಂದು?” ಎಂದು ಕೇಳಿದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹೊಲಿಸಿ ತಂದ ದಿನದಿಂದ ಅದು ಮಂಚವನ್ನು ಬಿಟ್ಟು ಇಳಿದಿರಲಿಲ್ಲ.

ಆಗ ನನ್ನೊಳಗಿನ ಲೆಕ್ಕಿಗ ಎಚ್ಚೆತ್ತ. ನಮ್ಮ ಹಾಸಿಗೆಯಲ್ಲಿದ್ದ ಅರಳೆ 10 ಕಿಲೋ. ಮೇಲಿನ ದರದಂತೆ ಸಾಧಾರಣ ಹವೆಯಲ್ಲಿಯೇ ಅದು ಸುಮಾರು 850 ಗ್ರಾಂ ನೀರನ್ನು ಹಿಡಿದಿರುತ್ತದೆ. ಗಾಳಿಯ ಆರ್ದ್ರತೆ ಏರಿದರೆ ಇದೂ ಏರುತ್ತದೆ. ಜಮೆಯಾಗುವ ಈ ತೇವಕ್ಕೆ ಖರ್ಚಿನ ಬಾಬೇ ಇಲ್ಲದಿದ್ದರೆ ಏನಾಗಬೇಕು? ತೇವವಿದ್ದಲ್ಲಿ ಬೂಷ್ಟು. ಕಣ್ಣಿಗೆ ಕಾಣದ ಧೂಳುನುಸಿಗಳೂ ಅಲ್ಲಿಯೇ ಬೆಳೆಯುತ್ತವೆ. ಅವು ಉಣ್ಣುವುದು ನಮ್ಮ ಮೈಯಿಂದ ಉದುರುವ ಚರ್ಮದ ಪುಡಿಯನ್ನು. ಅವುಗಳ ಹಿಕ್ಕೆಯ ಸೂಕ್ಷ್ಮ ಕಣಗಳು ಉಸಿರಿನೊಡನೆ ಒಳಹೋದರೆ ಉಬ್ಬಸದ ಪ್ರಕೃತಿಯ ಮಕ್ಕಳಿಗೆ ಕಷ್ಟವಾಗುತ್ತದೆ. ಫೋಮ್ ಹಾಸಿಗೆಯಲ್ಲೂ ನುಸಿ ಬೆಳೆಯುತ್ತದೆಂದು ವೈದ್ಯರು ಹೇಳಿದರಾದರೂ, ಹತ್ತಿಯೆಂದ ಮಾತ್ರಕ್ಕೆ ಅದು ಪವಿತ್ರವೆಂಬ ನನ್ನ ಭ್ರಮೆ ಅಂದೇ ಹರಿಯಿತು.

ಮರುದಿನವೇ ಹಾಸಿಗೆಯನ್ನು ಹೊತ್ತು ತಾರಸಿಗೆ ಹೋದರೆ ಬಾಗಿಲಿಗೆ ಬೀಗ! ಬಟ್ಟೆಬರೆ, ಹಾಸಿಗೆಗಳನ್ನು ಮೇಲೆ ಒಣಹಾಕಕೂಡದೆಂದು ನಮ್ಮ ಕಟ್ಟಡದ ಸಮಿತಿಯ ಠರಾವಂತೆ. ಕಟ್ಟಡದ ಅಂದ ಕೆಡುತ್ತದೆ, ನೀರು ಸೋರದಂತೆ ಬಳಿದ ಲೇಪ ಹಾಳಾಗುತ್ತದೆ, ಮಕ್ಕಳು ಮೇಲೆ ಹೋಗಿ ಬಿದ್ದಾರು, ಎಲ್ಲಕ್ಕೂ ಮಿಗಿಲಾಗಿ ಗಾಜುವಾಕದ ಕರಿಧೂಳು ಹಾಸಿಗೆಯ ಮೇಲೆ ಕೂರುತ್ತದೆ. ಇವು ಅವರ ಆಕ್ಷೇಪಣೆಗಳು. ಕೊನೆಯದು ಸುಳ್ಳಲ್ಲ. ಕಾರ್ಖಾನೆ, ಬಂದರುಗಳ ನಡುವೆ ವಾಸಿಸುವ ನಾವೆಲ್ಲರೂ ಬೆಳಗ್ಗೆ ಕಿಟಕಿಯ ಪಟ್ಟಿಯ ಮೇಲೆ ಬೆರಳೆಳೆದು ನೋಡಿದವರೇ. ಆದರೆ ಧೂಳಿಗೆ ಹಳೆಯ ಸೀರೆಯೊಂದನ್ನು ಮೇಲೆ ಹೊದಿಸಿದರೆ ಸಾಕು. ತೇವಕ್ಕೆ ಬಿಸಿಲಿನ ಹೊರತು ಬೇರೆ ಅಗ್ಗದ ಮದ್ದಿಲ್ಲ. ಕಟ್ಟಡದ ಅಂದದ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾದುದು. ಮೇಲೆ ವಿಶಾಲವಾದ ತಾರಸಿಯನ್ನು ಖಾಲಿ ಬಿಟ್ಟು ಕೆಳಗೆ ಮಕ್ಕಳನ್ನು ಬೂಷ್ಟಿನ ಮೇಲೆ ಮಲಗಿಸುವ ಅಂದ ಯಾರಿಗೆ ಬೇಕು? ನಿರ್ವಹಣಾ ಶುಲ್ಕವನ್ನು ತಿಂಗಳು ತಿಂಗಳು ಕೊಡುವ ಬಾಡಿಗೆದಾರನಿಗೂ ಆ ಬಿಸಿಲಿನಲ್ಲಿ ಪಾಲಿದೆ.

ಇದೇ ಊರಿನಲ್ಲಿ ಬಹುಕಾಲದಿಂದ ನೆಲೆಸಿರುವ ಹಿರಿಯ ಸದಸ್ಯರೊಬ್ಬರು 2014ರ ಅಕ್ಟೋಬರ್ 12ರ ಹುದ್‌ಹುದ್ ಚಂಡಮಾರುತದ ದಿನಗಳನ್ನು ನನಗೆ ಬಣ್ಣಿಸಿದರು. ಕಿಟಕಿಯ ಗಾಜುಗಳೊಡೆದು ಮನೆಯೊಳಗೆಲ್ಲ ನೀರು, ವಿದ್ಯುತ್ತಿಲ್ಲ. ಬಿಸಿಲು ಬಿದ್ದ ಕೂಡಲೇ ಅವರ ಮನೆಯವರು ಗಾದಿಗಳನ್ನು ಬಿಚ್ಚಿ ಅರಳೆಯನ್ನು ತಾರಸಿಯ ಮೇಲೆ ಹರವಿ ಒಣಗಿಸಿ, ಮತ್ತೆ ಹಿಂಜಿಸಿ ಹೊಲಿಸಿದರಂತೆ. ತಾರಸಿಗೆ ಆಗ ಬೀಗವಿರಲಿಲ್ಲ.

ಹೊದಿಕೆ, ಮೇಲುಹಾಸುಗಳ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಒಳಗೆ ಹತ್ತಿಯಿದ್ದು ಮೇಲೆ ಪಾಲಿಯೆಸ್ಟರ್ ಹಾಸಿದರೆ ಮಾಡಿದ ಖರ್ಚು ವ್ಯರ್ಥ. ಪೊಂದೂರಿನ ಖಾದಿ ಧೋತರವನ್ನುಟ್ಟು ಸಭೆಗೆ ಬರುವವರ ಮನೆಯಲ್ಲಿಯೂ ಜಾರುವ ಮಿಶ್ರ ನೂಲಿನ ಹಾಸನ್ನು ಕಂಡಿದ್ದೇನೆ. ಹೊದಿಕೆಯ ಚೀಟಿಯನ್ನು ಸಾಲಪತ್ರದ ಸಣ್ಣ ಅಕ್ಷರಗಳಂತೆ ಓದಬೇಕು; ‘ಕಾಟನ್ ರಿಚ್’, ‘ಕಾಟನ್ ಫೀಲ್’ ಎಂದಿದ್ದರೆ ಅದು ಶುದ್ಧ ಹತ್ತಿಯೆಂದು ತಿಳಿಯತಕ್ಕದ್ದಲ್ಲ. ಅಂಚಿನ ಒಂದು ಎಳೆಯನ್ನು ಸುಟ್ಟು ನೋಡಿದರೆ ಹತ್ತಿಯು ಕಾಗದದ ವಾಸನೆಯಿಂದ ಉರಿದು ಮೆದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎಳೆಗಳ ಸಂಖ್ಯೆ ಸಾವಿರವೆಂಬ ಜಾಹೀರಾತಿಗೆ ಮರುಳಾಗಬೇಕಿಲ್ಲ. ಹುರಿಗೊಳಿಸಿದ ನೂಲಿನ ಒಂದೊಂದು ಎಳೆಯನ್ನೂ ಬೇರೆ ಬೇರೆಯಾಗಿ ಎಣಿಸಿ ಸಂಖ್ಯೆಯನ್ನು ಏರಿಸುವ ಜಾಣತನವುಂಟು. ಈ ಸೆಕೆಗೆ ಸಾದಾ ನೇಯ್ಗೆಯ ಇನ್ನೂರು ಮುನ್ನೂರರದೇ ಹಿತ. ಸೊಲ್ಲಾಪುರದ ಚಾದರ ನನಗೆ ಅಚ್ಚುಮೆಚ್ಚಾದರೂ ಇಲ್ಲಿ ಅದು ಡಿಸೆಂಬರ್, ಜನವರಿಗಳಿಗೆ ಮಾತ್ರ. ವರ್ಷದ ಉಳಿದ ದಿನಗಳಿಗೆ ತಾಯಿ ಹಳೆಯ ಸೀರೆಗಳಿಂದ ಹೊಲಿದುಕೊಟ್ಟ ತೆಳುವಾದ ಕೌದಿಯೇ ಸಾಕು. ತೆಲುಗರು ಅದನ್ನು ಬೊಂತ ಎನ್ನುತ್ತಾರೆ. ಉಬ್ಬಸವಿರುವವರ ಹಾಸು, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಒಗೆಯಬೇಕೆಂಬುದು ವೈದ್ಯರ ಸಲಹೆ. ಬಿಸಿಲು ನುಸಿಯನ್ನು ಒಣಗಿಸಬಹುದು, ಆದರೆ ಅದರ ಹಿಕ್ಕೆಯನ್ನು ತೊಳೆಯದು. ಹಾಸಿಗೆಯನ್ನು ಬಡಿದು ಕೊಡಹುವಾಗ ರೋಗಿಯು ಹತ್ತಿರವಿರಕೂಡದು.

ಕಟ್ಟಡದ ಸಮಿತಿಗೆ ನಾನು ಬರೆದ ಅರ್ಜಿಗೆ ಹನ್ನೊಂದು ಮನೆಗಳವರು ಸಹಿ ಹಾಕಿದರು. ಅವರಲ್ಲಿ ಕನ್ನಡಿಗರು ನಾವೊಬ್ಬರೇ. ಎರಡು ಸಭೆಗಳ ವಾಗ್ವಾದದ ನಂತರ ಭಾನುವಾರಗಳಂದು ಬೆಳಗಿನ ಎಂಟರಿಂದ ಮಧ್ಯಾಹ್ನ ಮೂರರವರೆಗೆ, ಮೂರು ಮನೆಗಳಿಗೊಂದು ಸರದಿಯಂತೆ, ಬೀಗದ ಕೈಯನ್ನು ಕಾವಲುಗಾರನಿಂದ ಪಡೆಯಬಹುದೆಂದು ತೀರ್ಮಾನವಾಯಿತು. ಮೂರರ ಮೇಲೆ ನಮಗೂ ಬೇಡ. ಇಳಿಹೊತ್ತಿನ ಸಮುದ್ರದ ಗಾಳಿಗೆ ಹಾಸಿಗೆ ಮತ್ತೆ ತೇವವನ್ನು ಹೀರಲು ತೊಡಗುತ್ತದೆ. ಮಗನಿಗೆ ಔಷಧ ಇನ್ನೂ ನಡೆದಿದೆ, ರಾತ್ರಿಯ ಕೆಮ್ಮು ಕಡಿಮೆಯಾಗಿದೆ. ಇಂಥ ಅರ್ಜಿಯನ್ನು ಬರೆಯಬೇಕಾದ ಸದಸ್ಯರು ಯಾರಾದರೂ ಇದ್ದರೆ ನನ್ನ ಕರಡು ಪ್ರತಿಯನ್ನು ಕಾರ್ಯದರ್ಶಿಗಳಲ್ಲಿ ಕೊಟ್ಟಿದ್ದೇನೆ. ಅದು ತೆಲುಗಿನಲ್ಲಿದೆ.