ಇನ್ನೊಂದು ಸದಾಶಿವ ವರದಿ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ... ನಮ್ಮ ದುರ್ಗದ ಕಡೆ ಎಲ್ಲೇ 'ಸದಾಶಿವ ವರದಿ' ಅನ್ನಿ, ಒಳಮೀಸಲಾತಿ ಚರ್ಚೆ ಶುರುವಾಗುತ್ತೆ. ಅದು 2012ರಲ್ಲಿ ಸರ್ಕಾರದ ಕೈ ಸೇರಿದ ವರದಿ. ಅದೇ ನ್ಯಾಯಮೂರ್ತಿ ಎ.ಜೆ. ಸದಾಶಿವ ಅದಕ್ಕೂ ಮೊದಲು ಇನ್ನೊಂದು ವರದಿ ಕೊಟ್ಟಿದ್ದರು ಅಂದರೆ ನನ್ನ ಗೆಳೆಯರಿಗೆ ಆಶ್ಚರ್ಯ.

ವೀರಪ್ಪನ್ ಬೇಟೆಯ ಹೆಸರಲ್ಲಿ ಕರ್ನಾಟಕ, ತಮಿಳುನಾಡಿನ ಎಸ್‌ಟಿಎಫ್‌ಗಳು ಹಳ್ಳಿಗರಿಗೆ ಏನು ಮಾಡಿದವು ಅಂತ ತನಿಖೆ ಮಾಡಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ಸಮಿತಿ ಮಾಡಿತು. ಸದಾಶಿವ ಅವರ ಜೊತೆ ಇದ್ದವರು ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್. ಹಾಗಾಗಿ ಇದನ್ನು 'ಬುದ್ಧಿಜೀವಿಗಳ ಗಲಾಟೆ' ಅಂತ ತಳ್ಳಿಹಾಕೋಕೆ ಆಗಲ್ಲ. ಮಲೆ ಮಹದೇಶ್ವರ ಬೆಟ್ಟದ 'ವರ್ಕ್‌ಶಾಪ್'ನಲ್ಲಿ ಕರೆಂಟ್ ಶಾಕ್ ಕೊಟ್ಟಿದ್ದು, ಹೆಂಗಸರ ಮೇಲಿನ ಅತ್ಯಾಚಾರ, ಕರೆದುಕೊಂಡು ಹೋದವರು ವಾಪಸ್ ಬರದೇ ಇದ್ದದ್ದು... ಎಲ್ಲವನ್ನೂ ಜನ ಸಮಿತಿಯ ಮುಂದೆ ಹೇಳಿಕೊಂಡರು. ಕೆಲವು ಎನ್‌ಕೌಂಟರ್‌ಗಳ ಬಗ್ಗೆ ಸಮಿತಿಗೇ ಅನುಮಾನ ಬಂತು.

"ಹಾಗಾದ್ರೆ ವೀರಪ್ಪನ್ ಸಾಚಾನಾ?" ಅಂತ ಕೇಳ್ತೀರಿ. ಖಂಡಿತ ಅಲ್ಲ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಶರಣಾಗತಿ ಮಾತು ನಂಬಿ ಹೋಗಿ 1991ರಲ್ಲಿ ತಲೆ ಕಳೆದುಕೊಂಡರು. ಪೊಲೀಸರ ಸಿಟ್ಟು ನನಗೆ ಅರ್ಥವಾಗುತ್ತೆ. ಆದರೆ 1993ರ ಏಪ್ರಿಲ್ 9ರಂದು ಪಾಲಾರ್ ನೆಲಬಾಂಬಿಗೆ ಸತ್ತ 22 ಜನರಲ್ಲಿ ಹೆಚ್ಚಿನವರು ಪೊಲೀಸರಲ್ಲ, ಅವರ ಜೊತೆ ಹೋಗಿದ್ದ ಮಾಹಿತಿದಾರರು. ಬಾಯಿ ಬಿಟ್ಟರೆ ವೀರಪ್ಪನ್, ಬಿಡದಿದ್ದರೆ ಎಸ್‌ಟಿಎಫ್. ಅತ್ತ ದರಿ, ಇತ್ತ ಪುಲಿ.

"ಹೊಡೀದೇ ಇದ್ರೆ ಸಿಗ್ತಿದ್ನಾ?" ಅನ್ನೋದು ಇನ್ನೊಂದು ವಾದ. ನನಗೆ ಇದು ಒಪ್ಪಿಗೆಯಿಲ್ಲ. ಅಷ್ಟೆಲ್ಲ ಹೊಡೆದರೂ ಹತ್ತು ವರ್ಷ ಅವನು ಸಿಗಲಿಲ್ಲ. ನಡುವೆ 2000ದಲ್ಲಿ ಅಣ್ಣಾವ್ರನ್ನೇ 108 ದಿನ ಇಟ್ಟುಕೊಂಡ. ಕೊನೆಗೆ 2004ರ ಅಕ್ಟೋಬರ್ 18ರಂದು ಪಾಪಾರಪಟ್ಟಿಯಲ್ಲಿ ಸತ್ತಿದ್ದು, ಪೊಲೀಸರು ಅವನ ನಂಬಿಕೆ ಗಳಿಸಿ ಆಂಬುಲೆನ್ಸ್ ಹತ್ತಿಸಿದ್ದರಿಂದ. ಅದಕ್ಕೆ ಬೇಕಾಗಿದ್ದು ತಲೆ, ಲಾಠಿಯಲ್ಲ.

ಇನ್ನು ದುಡ್ಡಿನ ಲೆಕ್ಕ (ಇಂಜಿನಿಯರ್ ಬುದ್ಧಿ, ಬಿಡಲ್ಲ). 2004ರಲ್ಲೇ ತಮಿಳುನಾಡು ಸರ್ಕಾರ ತನ್ನ ಎಸ್‌ಟಿಎಫ್‌ನ 752 ಜನರಿಗೆ ತಲಾ 3 ಲಕ್ಷ, ಬಡ್ತಿ, ನಿವೇಶನ ಘೋಷಿಸಿತು. ಎರಡೂ ರಾಜ್ಯಗಳ 89 ಸಂತ್ರಸ್ತರಿಗೆ ಆಯೋಗ 2007ರಲ್ಲಿ ಹೇಳಿದ ಪರಿಹಾರ 2.80 ಕೋಟಿ. ಭಾಗಿಸಿ ನೋಡಿ, ಸರಾಸರಿ ಮೂರು ಲಕ್ಷ ಚಿಲ್ಲರೆ! ಬೇಟೆಯಾಡಿದವರಿಗೂ ಅಷ್ಟೇ, ಏಟು ತಿಂದವರಿಗೂ ಅಷ್ಟೇ. ಅದೂ ಹದಿಮೂರು ಹದಿನಾಲ್ಕು ವರ್ಷ ಆದಮೇಲೆ, ಸೈಟೂ ಇಲ್ಲದೆ.

ನನ್ನ ತಕರಾರು ಮೊತ್ತದ ಬಗ್ಗೆ ಅಲ್ಲ, ಪರಿಹಾರ ಕೊಟ್ಟು ಫೈಲ್ ಮುಚ್ಚುವ ಬಗ್ಗೆ. ಧರ್ಮಪುರಿ ಜಿಲ್ಲೆಯ ವಾಚಾತಿಯಲ್ಲಿ 1992ರಲ್ಲಿ ಗಂಧದ ಮರ ಹುಡುಕಲು ಬಂದು ದೌರ್ಜನ್ಯ ಮಾಡಿದ 269 ಸರ್ಕಾರಿ ನೌಕರರ ಮೇಲೆ ಕೇಸು ನಡೆಯಿತು. 2011ರ ಹೊತ್ತಿಗೆ ಬದುಕಿದ್ದ 215 ಜನರಿಗೂ ಶಿಕ್ಷೆಯಾಯಿತು, 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಆಗಿದ್ದು ಮಾದಪ್ಪನ ಬೆಟ್ಟದ ಈ ಕಡೆ ಯಾಕೆ ಆಗಬಾರದು, ನೀವೇ ಹೇಳಿ.